ಕಡಲೇಕಾಯಿಯ ಬೂಷ್ಟಿನ ವಿಷವೂ ಚಿನ್ನದ ಕಣಗಳೂ

೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೇಕಾಯಿ ಹಿಂಡಿಯನ್ನು ತಿಂದು ಲಕ್ಷಕ್ಕೆ ಮೇಲ್ಪಟ್ಟು ಟರ್ಕಿಕೋಳಿಗಳು ಸತ್ತುವು. ಅದರಲ್ಲಿದ್ದ ಅಫ್ಲಾಟಾಕ್ಸಿನ್ ವಿಷವು ಕಣ್ಣಿಗೆ ಕಾಣತಕ್ಕುದಲ್ಲ. ಹಸುವಿಗೆ ತಿನ್ನಿಸಿದರೆ ಹಾಲಿಗೂ ಇಳಿಯುವುದು.

ಇದನ್ನು ಪತ್ತೆಮಾಡುವ ಕಾಗದದ ಪಟ್ಟಿಗಳಲ್ಲಿ ಸುಮಾರು ೪೦ ನ್ಯಾನೊಮೀಟರಿನ, ಎಂದರೆ ಮಿಲಿಮೀಟರಿನ ೨೫,೦೦೦ದಲ್ಲೊಂದು ಪಾಲಿನ, ಚಿನ್ನದ ಕಣಗಳುಂಟು. ಇಷ್ಟು ಸಣ್ಣದಾದ ಚಿನ್ನವು ಹಳದಿಯಲ್ಲ, ಕೆಂಪು. ವಿಷವನ್ನು ಹಿಡಿಯುವ ಪ್ರತಿಕಾಯಗಳನ್ನು ಇವು ಹೊತ್ತಿರುವುವು. ಪಟ್ಟಿಯಲ್ಲಿ ಅದೇ ವಿಷವನ್ನು ಗೆರೆಯಾಗಿ ಮೊದಲೇ ಅಂಟಿಸಿರುವರು. ಮಾದರಿಯಲ್ಲಿ ವಿಷವಿಲ್ಲದಿದ್ದರೆ ಕಣಗಳು ಅಲ್ಲಿ ನಿಂತು ಗೆರೆ ಕೆಂಪಾಗುವುದು. ಮಿತಿಮೀರಿ ಇದ್ದರೆ ಗೆರೆ ಮೂಡದು. ಇದನ್ನು ವಿಪರೀತವಾಗಿ ಗ್ರಹಿಸುವುದೂ ಉಂಟು.

ಇನ್ನೂ ಅಲ್ಪವಾದ ವಸ್ತುವನ್ನು ಹಿಡಿಯಲು, ೩೨ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಮುದುಡುವ ಪಾಲಿಮರನ್ನು ಕಣಗಳಿಗೆ ಲೇಪಿಸಿ, ಕಾಯಿಸಿ ಒಟ್ಟುಗೂಡಿಸುವ ಕ್ರಮವು ಪ್ರಯೋಗಶಾಲೆಗಳಲ್ಲಿದೆ.

ವಿಷವು ಕೆಲವೇ ಬೀಜಗಳಲ್ಲಿ ಅಡಗಿರುವುದುಂಟು. ಆದುದರಿಂದ ಹಲವು ಚೀಲಗಳಿಂದ ಬೀಜ ತೆಗೆದು, ಪುಡಿಮಾಡಿ, ಚೆನ್ನಾಗಿ ಬೆರೆಸಿದ ಮೇಲೆಯೇ ಪರೀಕ್ಷಿಸತಕ್ಕದ್ದು.