ಅಡುಗೆಮನೆಯ ಹೊಗೆಗೂ ಹೃದಯಕ್ಕೂ ನಂಟಿದೆ

ಹೃದಯಾಘಾತ ಎಂದೊಡನೆ ನಮಗೆ ನೆನಪಾಗುವುದು ಎದೆ ಹಿಡಿದುಕೊಂಡು ಕುಸಿಯುವ ಗಂಡಸು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡ ಮೇಲೆ, ವ್ಯಾಯಾಮ ಮಾಡುವ ಗಟ್ಟಿಮುಟ್ಟಾದವರಿಗೂ ಅಪಾಯ ತಪ್ಪಿದ್ದಲ್ಲ ಎಂಬ ಅರಿವು ನಾಡಿನಲ್ಲೆಲ್ಲ ಹರಡಿತು. ಆದರೆ ಸೌದೆ ಒಲೆಯ ಮುಂದೆ ದಿನಾ ಗಂಟೆಗಟ್ಟಲೆ ಕೂರುವ, ಬೀಡಿ ಸಿಗರೇಟು ಮುಟ್ಟದ ಹೆಂಗಸು ಮಾತ್ರ ಈ ಲೆಕ್ಕಕ್ಕೆ ಇನ್ನೂ ಬಂದಿಲ್ಲ. ಅವಳಿಗೆ ಬೆನ್ನು ಹಿಡಿದಂತಾಗಿ ಮೈ ಬೆವೆತರೆ ಜೀರಿಗೆ ಕಷಾಯ ಕುಡಿಸಿ ಮಲಗಿಸುತ್ತಾರೆ. ಹೃದಯದ ತುರ್ತನ್ನು ಸಕಾಲದಲ್ಲಿ ಗುರುತಿಸಬೇಕಾದರೆ ರೋಗಿ ದಿನವೂ ಉಸಿರಾಡುವ ಮನೆಯೊಳಗಿನ ಗಾಳಿಯನ್ನೂ ವಿಚಾರಿಸಬೇಕು ಎಂಬುದು ನನ್ನ ವಾದ.

ಒಲೆಯ ಹೊಗೆಯಿಂದ ಕಣ್ಣುರಿ, ಕೆಮ್ಮು ಬರುತ್ತದೆ ಎಂದಷ್ಟೇ ನಾವು ತಿಳಿದಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಗೆ ಜಗತ್ತಿನಾದ್ಯಂತ 32 ಲಕ್ಷ ಜನ ಬಲಿಯಾದರು, ಅವರಲ್ಲಿ ಶೇ. 32ರಷ್ಟು ಮಂದಿಯ ಸಾವು ಹೃದಯದ ರಕ್ತನಾಳದ ಕಾಯಿಲೆಯಿಂದ, ಶೇ. 23ರಷ್ಟು ಪಾರ್ಶ್ವವಾಯುವಿನಿಂದ. ಎಂದರೆ ಅರ್ಧಕ್ಕಿಂತ ಹೆಚ್ಚು ಸಾವುಗಳು ಶ್ವಾಸಕೋಶದವೇ ಅಲ್ಲ. ಹೊಗೆಯಲ್ಲಿರುವ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ತಳಕ್ಕಿಳಿದು ರಕ್ತನಾಳಗಳಲ್ಲಿ ಉರಿಯೂತ ಎಬ್ಬಿಸುತ್ತವೆ, ರಕ್ತ ಹೆಪ್ಪುಗಟ್ಟುವ ಸ್ವಭಾವವನ್ನು ಹೆಚ್ಚಿಸುತ್ತವೆ, ರಕ್ತದೊತ್ತಡವನ್ನು ಏರಿಸುತ್ತವೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಇದೆ. ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. 1989ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 63 ಮಂದಿ ಹೃದ್ರೋಗಿಗಳಿಗೆ ಈ ಅನಿಲವನ್ನು ಅತ್ಯಲ್ಪ ಪ್ರಮಾಣದಲ್ಲಿ ಉಸಿರಾಡಿಸಿ ವ್ಯಾಯಾಮ ಮಾಡಿಸಿದರು. ಹಿಮೋಗ್ಲೋಬಿನ್‌ನ ಶೇ. 2ರಷ್ಟನ್ನು ಅದು ಹಿಡಿದಿದ್ದಾಗಲೇ ಎದೆನೋವು ಮಾಮೂಲಿಗಿಂತ ಬೇಗ ಕಾಣಿಸಿಕೊಂಡಿತು. ಬೇಗುದಿಯ ಅಡುಗೆಮನೆಯಲ್ಲಿ ಹಿಟ್ಟು ತೊಳಸುವುದೂ ವ್ಯಾಯಾಮವೇ ಅಲ್ಲವೆ?

ನಮ್ಮ ಅಜ್ಜಿಯಂದಿರು ಇದೇ ಹೊಗೆಯಲ್ಲಿ ಬೇಯಿಸಿ ತೊಂಬತ್ತು ವರ್ಷ ಬದುಕಲಿಲ್ಲವೆ ಎಂದು ಕೇಳುವವರಿದ್ದಾರೆ. ಬದುಕುಳಿದ ಅಜ್ಜಿಯರಷ್ಟೇ ನಮ್ಮ ಕಣ್ಣಿಗೆ ಬೀಳುತ್ತಾರೆ. ಐವತ್ತಕ್ಕೇ ‘ಇದ್ದಕ್ಕಿದ್ದಂತೆ’ ಹೋದವರು ಯಾಕೆ ಹೋದರೆಂದು ಆಗ ಯಾರೂ ಪರೀಕ್ಷಿಸಲಿಲ್ಲ. ಮನೆಗಳೂ ಬದಲಾಗಿವೆ. ನಾಡಹೆಂಚಿನ ಸಂದಿಯಲ್ಲಿ ಹೊರಹೋಗುತ್ತಿದ್ದ ಹೊಗೆ ಆರ್‌ಸಿಸಿ ಮನೆಯಲ್ಲಿ ಒಳಗೇ ಸುತ್ತುತ್ತದೆ. 2016ರಲ್ಲಿ ಬಡ ಮನೆಗಳಿಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಬಂದ ಮೇಲೆ ಸೌದೆಯ ಕಾಲ ಮುಗಿಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಚಹಾ, ತಿಂಡಿಗೆ ಗ್ಯಾಸ್, ಮುದ್ದೆಗೂ ಸ್ನಾನದ ನೀರಿಗೂ ಸೌದೆ ಎಂಬ ಏರ್ಪಾಡು ಹಳ್ಳಿಗಳಲ್ಲಿ ಇಂದಿಗೂ ಇದೆ. ಸಿಲಿಂಡರಿನ ಬೆಲೆ ಅದಕ್ಕೆ ಕಾರಣ. ಹೆಂಗಸರ ಅಜ್ಞಾನವೆಂದು ಬೈಯುವುದು ಅನ್ಯಾಯ. ಒಲೆ ಬಿಡಲಾಗದವರು ಹೊಗೆಕೊಳವೆ ಹಾಕಿಸಿದರೂ ಉಪಯೋಗವಿದೆ. ಗ್ವಾಟೆಮಾಲಾದ ಗುಡ್ಡಗಾಡಿನ ಹೆಂಗಸರಿಗೆ ಕೊಳವೆಯ ಒಲೆ ಕೊಟ್ಟು ನೋಡಿದ ಪ್ರಯೋಗದಲ್ಲಿ ರಕ್ತದೊತ್ತಡದ ಕೆಳಗಿನ ಅಂಕ ಸರಾಸರಿ 3ರಷ್ಟು ಇಳಿದಿತ್ತು.

ಇನ್ನು ಗುರುತಿಸುವ ಮಾತು. ಹೃದಯಾಘಾತದಲ್ಲಿ ಎದೆಯ ಮೇಲೆ ಭಾರ ಹೇರಿದಂತಾಗುವುದು, ನೋವು ಎಡರಟ್ಟೆಗೆ ಇಳಿಯುವುದು ಸಾಮಾನ್ಯ. ಆದರೆ ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಅದು ದವಡೆ ನೋವಾಗಿ, ಹೊಟ್ಟೆಯ ಮೇಲ್ಭಾಗದ ಉರಿಯಾಗಿ, ವಾಕರಿಕೆಯಾಗಿ, ಕಾರಣವಿಲ್ಲದ ಸುಸ್ತು, ಏದುಸಿರಾಗಿಯೂ ಬರಬಹುದು. ಗ್ಯಾಸ್ಟ್ರಿಕ್ ಇದ್ದರೂ ಇರಬಹುದಲ್ಲ, ಪ್ರತಿ ಹೊಟ್ಟೆಯುರಿಗೂ ಆಸ್ಪತ್ರೆಗೆ ಓಡಬೇಕೆ ಎಂಬ ಪ್ರಶ್ನೆ ಸಹಜವೇ. ತಣ್ಣನೆ ಬೆವರಿನೊಡನೆ ಬಂದದ್ದು, ನಡೆದರೆ ಹೆಚ್ಚುವುದು, ಹದಿನೈದು ನಿಮಿಷ ಸುಮ್ಮನೆ ಕುಳಿತರೂ ಇಳಿಯದ್ದು, ಹಿಂದೆಂದೂ ಹೀಗಾಗಿರಲಿಲ್ಲ ಎನಿಸುವುದು: ಇವುಗಳಲ್ಲಿ ಒಂದಿದ್ದರೂ ಓಡಲೇಬೇಕು, 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಇಸಿಜಿ ತೆಗೆಯಲು ಕೆಲವೇ ನಿಮಿಷ ಸಾಕು. ಮೊದಲ ಇಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮತ್ತೆ ತೆಗೆಯಬೇಕು, ರಕ್ತದ ಟ್ರೋಪೋನಿನ್ ಪರೀಕ್ಷೆಯೂ ಆಗಬೇಕು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಮೊದಲ ಗಂಟೆಗಳು ಕಳೆದಷ್ಟೂ ಆ ಮದ್ದಿನ ಉಪಯೋಗ ಕಡಿಮೆಯಾಗುತ್ತದೆ.

ಪೇಟೆಯ ಮನೆಗಳಲ್ಲಿ ಗುರುತಿಸುವ ತಪ್ಪು ಇನ್ನೊಂದು ದಿಕ್ಕಿನಿಂದ ಆಗುತ್ತದೆ. ಇಕ್ಕಟ್ಟಾದ ಬಚ್ಚಲುಮನೆ, ಚಳಿಗೆಂದು ಮುಚ್ಚಿದ ವೆಂಟಿಲೇಟರ್, ಗೋಡೆಗೆ ನೇತುಹಾಕಿದ ಗ್ಯಾಸ್ ಗೀಸರ್. ಒಳಗಿನ ಆಮ್ಲಜನಕ ಸಾಲದಾದಾಗ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅಡುಗೆ ಅನಿಲ ಸೋರಿದರೆ ತಿಳಿಯಲೆಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ; ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದನ್ನು ಉಸಿರಾಡಿದವರಿಗೆ ಮೊದಲು ತಲೆನೋವು, ತಲೆಸುತ್ತು, ವಾಂತಿ, ಆಮೇಲೆ ಪ್ರಜ್ಞೆ ತಪ್ಪುವುದು. ಬಿದ್ದವರನ್ನು ಕಂಡು ಲೋ ಬಿಪಿ ಎಂದೋ ಹಾರ್ಟ್ ಅಟ್ಯಾಕ್ ಎಂದೋ ತಿಳಿದುಕೊಳ್ಳುತ್ತಾರೆ. ಬಾಗಿಲು ಪೂರಾ ತೆರೆದು, ಗ್ಯಾಸ್ ಆರಿಸಿ, ಅವರನ್ನು ಬೇಗ ಹೊರಗೆ ಎಳೆದುಕೊಳ್ಳಬೇಕು. ಉಸಿರಾಟ ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಇಳಿಯುವಂತೆ ಒತ್ತುತ್ತಿರಬೇಕು. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದದ್ದು ಗೀಸರಿನ ವಿಷಯ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ಗೆ ಈ ವಿಷಾನಿಲಕ್ಕೂ ಆಮ್ಲಜನಕಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಸಾಯುತ್ತಿರುವವರಲ್ಲೂ ಅದು 98 ತೋರಿಸಬಹುದು. ಮನೆಯವರು ಬಾಯಿಬಿಟ್ಟು ಹೇಳದಿದ್ದರೆ ಸರಿಯಾದ ರಕ್ತಪರೀಕ್ಷೆ ಮಾಡಿಸುವುದು ಯಾರಿಗೂ ಹೊಳೆಯದೆ ಹೋಗಬಹುದು.