ಹೆರಿಗೆಯ ಕೋಣೆಗೇ ಬಂದ ಪಾಠ

ಹುಟ್ಟಿದ ಕೂಸು ಅಳಲಿಲ್ಲ, ಉಸಿರಾಡಲೂ ಇಲ್ಲವೆಂದರೆ ದಾದಿಗೆ ದೊರೆಯುವ ಕಾಲ ಒಂದೇ ನಿಮಿಷ. ಮೂಗುಬಾಯಿಗೆ ಹಿಡಿದು ಒತ್ತುವ ಗಾಳಿಚೀಲವು ಬೀರುವಿನಲ್ಲಿದ್ದು, ಬೀಗದ ಕೈ ಮತ್ತೊಬ್ಬರ ಬಳಿ ಇದ್ದರೆ ಆ ನಿಮಿಷ ಕಳೆದಂತೆಯೇ.

ಶಾಸನಗಳು ‘ಕೋಗಳಿ ಐನೂರು’ ಎಂದು ಕರೆದ ಸೀಮೆಯಲ್ಲಿ ಈ ಚಿಂತೆ ಇನ್ನೂ ದೊಡ್ಡದು. ಕೂಡ್ಲಿಗಿ, ಹಡಗಲಿಗಳ ಹಳ್ಳಿಗಳಿಂದ ಬಳ್ಳಾರಿಯ ದೊಡ್ಡಾಸ್ಪತ್ರೆ ಬಹುದೂರ. ಬಾಣಂತಿಯ ರಕ್ತಸ್ರಾವ ಅಷ್ಟು ಹೊತ್ತು ಕಾಯದು.

ಹರಪನಹಳ್ಳಿಯೊಂದನ್ನು ಬಿಟ್ಟು ಈ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಗೇ ಸೇರಿದ್ದ ೨೦೧೨ರಲ್ಲಿ, ಆ ಜಿಲ್ಲೆಯಲ್ಲಿಯೂ ಗುಲ್ಬರ್ಗದಲ್ಲಿಯೂ ಒಂದು ಪ್ರಯೋಗ ಆರಂಭವಾಯಿತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸರ್ಕಾರದೊಡನೆ ಕೂಡಿ ನಡೆಸಿದ ‘ಸುಕ್ಷೇಮ’ ಯೋಜನೆ ಅದು. ಹಗಲಿರುಳೂ ತೆರೆದಿರುವ ೧೦೮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾದಿಯರಿಗೆ ಮೊದಲು ತರಬೇತಿಯನ್ನೂ ಹೆರಿಗೆಯ ಹಂತಗಳನ್ನು ಬರೆದಿಡುವ ದಾಖಲೆ ಪತ್ರವನ್ನೂ ಕೊಡಲಾಯಿತು. ಸಭಾಂಗಣದ ಪಾಠ ಊರು ಸೇರುವಷ್ಟರಲ್ಲಿ ಅರ್ಧ ಮರೆತಿರುತ್ತದೆಂಬುದನ್ನು ಶಾಲೆಗೆ ಹೋದವರೆಲ್ಲ ಬಲ್ಲರು! ಆದುದರಿಂದ ೫೪ ಕೇಂದ್ರಗಳಿಗೆ ಮಾತ್ರ, ಮಾರ್ಗದರ್ಶನಕ್ಕೆಂದೇ ತಯಾರಾದ ದಾದಿಯರು ಆರಾರು ಬಾರಿ ತಾವೇ ಹೋದರು. ಔಷಧ ಉಪಕರಣಗಳು ಇವೆಯೇ, ತುಂಬಿದ ಪತ್ರದಲ್ಲಿ ತಪ್ಪಿದುದೆಲ್ಲಿ ಎಂದು ಅಲ್ಲಿನವರೊಡನೆ ಕುಳಿತು ನೋಡಿದರು. ಕೆಲಸ ನಡೆಯುವ ಸ್ಥಳದಲ್ಲಿಯೇ ಕಲಿಸಿದರು. ಕಲಿಸುವವರೂ ದಾದಿಯರೇ ಆದುದರಿಂದ ಪ್ರಶ್ನೆ ಕೇಳಲು ಸಂಕೋಚ ಕಡಿಮೆಯೆಂದು ತೋರುತ್ತದೆ.

೨೦೧೩ರ ಆಗಸ್ಟಿನಲ್ಲಿ ಮತ್ತೆ ಪರೀಕ್ಷಿಸಿದಾಗ, ಸಿದ್ಧತೆಯಲ್ಲಿಯೂ ಅಪಾಯವನ್ನೆದುರಿಸುವ ತಿಳಿವಳಿಕೆಯಲ್ಲಿಯೂ ಆ ೫೪ ಕೇಂದ್ರಗಳು ಮುಂದಿದ್ದುವು. ತರಬೇತಿಯೂ ಪತ್ರವೂ ಉಳಿದ ೫೪ಕ್ಕೂ ದೊರೆತಿದ್ದುವು. ದೊರೆಯದಿದ್ದುದು ಆ ಆರು ಭೇಟಿಗಳು.