ಹುಳುಮನೆಯ ಅಜ್ಜಿ, ಭಾನುವಾರದ ಮಾತ್ರೆ

ರಾಮನಗರದಿಂದ ಕನಕಪುರದ ಕಡೆಗಿನ ಒಂದು ಹಳ್ಳಿ. ಹುಳುಮನೆಯ ಹೊಸ್ತಿಲಲ್ಲೇ ಅಜ್ಜಿ ನನ್ನನ್ನು ತಡೆದರು. "ಕೈಕಾಲು ತೊಳ್ಕಳಿ. ಹುಳ ಮೂರನೇ ಜ್ವರಕ್ಕೆ ಕೂತವೆ." ರೇಷ್ಮೆ ಹುಳು ಪೊರೆ ಬಿಡುವುದನ್ನು ಇಲ್ಲಿನವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆಯೇ ಹುಳು ಹಣ್ಣಾಗುವುದು, ಗೂಡು ಕಟ್ಟುವುದು.

ನಾನು ಹೋಗಿದ್ದು ಅಜ್ಜಿಯ ಏಳು ವರ್ಷದ ಮೊಮ್ಮಗಳ ಔಷಧದ ಬಗ್ಗೆ ತಿಳಿಯಲು. ಅವಳಿಗೆ ರಕ್ತದ ಕ್ಯಾನ್ಸರ್. ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಇಂಜೆಕ್ಷನ್ ಮುಗಿದು, ಈಗ ಮನೆಯಲ್ಲೇ ಮಾತ್ರೆ. ಸುಮಾರು ಎರಡು ವರ್ಷ ನಡೆಯುವ ಈ ಹಂತದಲ್ಲಿ ಡಾಕ್ಟರು, ನರ್ಸು ಎಲ್ಲ ಮನೆಯವರೇ.

ಸೊಸೆ ಆರು ತಿಂಗಳ ಬಸುರಿ. ಗರ್ಭಿಣಿಯರು ಈ ಮಾತ್ರೆ ಮುಟ್ಟಬಾರದೆಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ ಕೆಲಸ ಅಜ್ಜಿಯ ಪಾಲಿಗೆ ಬಂತು. ರಾತ್ರಿ ಊಟವಾದ ಮೇಲೆ ಅವರು ಗ್ಲೌಸ್ ಹಾಕಿಕೊಂಡು, ದಿನವೂ ಕೊಡಬೇಕಾದ 6-ಎಂಪಿ ಎಂಬ ಮಾತ್ರೆಯನ್ನು ಚಮಚಕ್ಕೆ ಹಾಕುತ್ತಾರೆ. ಪುಡಿ ಮಾಡುವುದಿಲ್ಲ, ಪುಡಿ ಗಾಳಿಗೆ ಹಾರಿ ಉಸಿರಿಗೆ ಸೇರುತ್ತದೆ. ಆಮೇಲೆ ಗ್ಲೌಸ್ ಬೇರೆ ಕವರಿಗೆ, ಕೈಗೆ ಸೋಪು. ಮಗು ವಾಂತಿ ಮಾಡಿಕೊಂಡ ಬಟ್ಟೆಯನ್ನೂ ಗ್ಲೌಸ್ ಹಾಕಿಯೇ ಬೇರೆಯಾಗಿ ಒಗೆಯುತ್ತಾರೆ. ಕಕ್ಕಸಿಗೆ ಎರಡು ಸಲ ನೀರು.

ಮನೆಯಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಚೆಂದದ ಡಬ್ಬಿಯೊಂದಿದೆ. ಸೊಸೆ ಅದರಲ್ಲಿ ಮಾತ್ರೆ ಇಡಲು ಹೋದಾಗ ಅಜ್ಜಿ ಬಿಡಲಿಲ್ಲ. "ಬಣ್ಣ ಕಂಡ್ರೆ ಚಿಕ್ಕ ಮೊಮ್ಮಗ ಆಟದ ಸಾಮಾನು ಅಂತ ತೆಗೀತಾನೆ." ಮಾತ್ರೆ ತನ್ನ ಪಟ್ಟಿಯಲ್ಲೇ, ಬೀಗವಿರುವ ತಗಡಿನ ಪೆಟ್ಟಿಗೆಯಲ್ಲಿದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಕುಂಕುಮದ ಬೊಟ್ಟು. ಅಜ್ಜಿಗೆ ಓದು ಬಾರದು. ಮೊಮ್ಮಗಳ ಇನ್ನೊಂದು ಮಾತ್ರೆ, ಮೆಥೊಟ್ರೆಕ್ಸೇಟ್, ವಾರಕ್ಕೊಂದೇ ದಿನದ ಔಷಧ. ತಪ್ಪಿ ದಿನವೂ ಕೊಟ್ಟರೆ ಬಾಯೆಲ್ಲ ಹುಣ್ಣು, ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಅದರ ಪಟ್ಟಿಯ ಮೇಲೆ 'ವಾರಕ್ಕೊಮ್ಮೆ' ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಅಚ್ಚಾಗಿರಬೇಕೆಂದು ನನಗೆ ಬಲವಾಗಿ ಅನಿಸಿತು. ಎಲ್ಲ ಮನೆಯಲ್ಲೂ ಇಂಥ ಅಜ್ಜಿ ಇರುವುದಿಲ್ಲ.

ಈ ಔಷಧಗಳ ಹಿಂದೆ ದೊಡ್ಡ ಕಥೆಯಿದೆ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ರಕ್ತದ ಕ್ಯಾನ್ಸರನ್ನು ಮೊದಲ ಸಲ ಔಷಧದಿಂದ ಹಿಮ್ಮೆಟ್ಟಿಸಿದ್ದನ್ನು ಪ್ರಕಟಿಸಿದರು. ಆ ಔಷಧ ಬಂದದ್ದು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಮೆಥೊಟ್ರೆಕ್ಸೇಟ್ ಅದೇ ಬಳಗದ್ದು. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದದ್ದು 1980ರಲ್ಲಿ. ಈ ಕಾಯಿಲೆಗೆ ಇಂಜೆಕ್ಷನ್ನಿನಲ್ಲಿ ಕೊಡುವ ಇನ್ನೊಂದು ಔಷಧ, ವಿನ್‌ಕ್ರಿಸ್ಟಿನ್, ಬೇಲಿಯಂಚಿನ ನಿತ್ಯಪುಷ್ಪದ ಗಿಡದ್ದೇ. ಹಾಗೆಂದು ಅದರ ಕಷಾಯ ಕುಡಿಸಿ ಎಂದು ಯಾರೋ ಹೇಳಿದ್ದರಂತೆ. ಆ ಗಿಡ ಹಾಗೇ ತಿಂದರೆ ವಿಷ. ಅಜ್ಜಿ ಕೇಳಲಿಲ್ಲ, ಪುಣ್ಯ.

ಹುಳುಮನೆಗೆ ಬ್ಲೀಚಿಂಗ್ ಹೊಡೆಯುವ ದಿನ ಮೊಮ್ಮಗಳನ್ನು ಅತ್ತೆ ಮನೆಗೆ ಕಳಿಸುತ್ತಾರೆ. ಕೇರಿಯಲ್ಲಿ ಯಾವ ಮಗುವಿಗೆ 'ಅಮ್ಮ' (ಚಿಕನ್‌ಪಾಕ್ಸ್) ಆದರೂ ಅಂದೇ ಆಸ್ಪತ್ರೆಗೆ ಫೋನು. ಕಾಯಿಸದ ಹಾಲು ಇಲ್ಲ, ಹಸಿ ತರಕಾರಿ ಇಲ್ಲ. ಬಾಗಿಲ ಹಿಂದೆ ಗೂಟಕ್ಕೆ ನೇತುಹಾಕಿದ ಚೀಲದಲ್ಲಿ ಆಸ್ಪತ್ರೆಯ ಫೈಲು, ಟವೆಲು, ಒಂದಿಷ್ಟು ದುಡ್ಡು. ಥರ್ಮಾಮೀಟರು 100.4 ತೋರಿಸಿದರೆ ಮಧ್ಯರಾತ್ರಿಯಾದರೂ ಹೊರಡಬೇಕು. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಮುಚ್ಚಿಡುವಂತಿಲ್ಲ. ಬಿಳಿ ರಕ್ತಕಣ ಕಡಿಮೆಯಿರುವ ಮೈಯಲ್ಲಿ ಸೋಂಕು ಗಂಟೆಗಳಲ್ಲಿ ಏರುತ್ತದೆ.

"ಹುಳಕ್ಕೆ ಜ್ವರ ಬಂದ್ರೆ ಸೊಪ್ಪು ಹಾಕ್ದೆ ಸುಮ್ಕೆ ಕಾಯ್ತೀವಿ ಕಣಪ್ಪ. ಮಗೀಗೆ ಬಂದ್ರೆ ಕಾಯಂಗಿಲ್ಲ."

ಇನ್ನು ಕೆಲವು ವಾರಗಳಲ್ಲಿ ಗೂಡು ಬಿಡಿಸಿ ತಾತ ರಾಮನಗರದ ಮಾರುಕಟ್ಟೆಗೆ ಒಯ್ಯುತ್ತಾರೆ. ಮೊದಲೆಲ್ಲ ಮೊಮ್ಮಗಳೂ ಜೊತೆಗೆ ಹೋಗುತ್ತಿದ್ದಳು. ಈಗ ಡಾಕ್ಟರು ಜನಜಂಗುಳಿ ಬೇಡವೆಂದಿದ್ದಾರೆ. ಕಳೆದ ಬೆಳೆಯ ಒಂದು ಗೂಡನ್ನು ಕಿಟಕಿಯಲ್ಲಿ ಇಟ್ಟುಕೊಂಡಿದ್ದಾಳೆ. ನಾನು ಹೊರಟಾಗ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು.